ಸೀಸದ ಊರು

ಅರುಳ್‌ಮೇರಿ ಕ್ರಿಸ್ಮಸ್ಸಿಗೆಂದು ಉರಿಗಾಂಗೆ ಬಂದವಳು
ಕಲ್ಕಲ್ಸ್ ಡಬ್ಬಿಯ ಜೊತೆಗೆ
ಬೆರಳುದ್ದದ ಸೀಸೆಯೊಂದನ್ನು ಕೈಗಿಟ್ಟಳು.
"ಧ್ರುವದ ಸಮುದ್ರದ ಅಡಿಯ ಮಣ್ಣು ತಾತಾ,
ಲ್ಯಾಬಿನ ಲೆಕ್ಕ ಮುಗಿದು ಉಳಿದದ್ದು."

ಬೂದು ಬಣ್ಣ. ಒಣಗಿ ಹುಡಿಯಾಗಿದೆ.
ಮುಚ್ಚಳ ತಿರುಗಿಸಿ ಮೂಸಿದೆ, ಹಳೇ ಚಾಳಿ.
ಎರಡು ಬೆರಳ ನಡುವೆ ತಿಕ್ಕಿ ನೋಡಿದೆ:
ನಮ್ಮ ಸೈನೈಡ್ ದಿಬ್ಬದ ಹಿಟ್ಟಿನಷ್ಟೇ ನುಣುಪು.
ಗಾಳಿ ತಿರುಗಿದ ದಿನ
ಒಗೆದ ಪಂಚೆಯ ಮೇಲೆ, ತಟ್ಟೆಯ ಮುದ್ದೆಯ ಮೇಲೆ
ಹೇಳದೆ ಕೇಳದೆ ಬಂದು ಕೂರುತ್ತದಲ್ಲ,
ಅದರ ದಾಯಾದಿ.

ಮೂವತ್ತೊಂದು ವರ್ಷ ನಾನು ಅಸ್ಸೇ ಆಫೀಸಿನಲ್ಲಿದ್ದೆ.
ಗಣಿಗೆ ಇಳಿದವನಲ್ಲ.
ಕೆಳಗಿಂದ ಬಂದದ್ದರಲ್ಲಿ ಎಷ್ಟಿದೆ ಎಂದು ಹೇಳುವವನು.
ಕಲ್ಲಿನ ಪುಡಿಗೆ ಮುರ್ದಾಸಿಂಗಿ, ಸೋಡ, ಬಿಳಿಗಾರ,
ಒಂದು ಚಿಟಿಕೆ ಗೋಧಿಹಿಟ್ಟು, ಹೌದು, ಚಪಾತಿಯದೇ,
ಮೂಸೆಗೆ ತುಂಬಿ ಕುಲುಮೆಗೆ ಇಡುವುದು.
ಸೀಸ ಕರಗಿ ತಳಕ್ಕಿಳಿಯುವಾಗ
ಇದ್ದಬದ್ದ ಚಿನ್ನವನ್ನೆಲ್ಲ
ಸೂಲಗಿತ್ತಿಯ ಹಾಗೆ ಎತ್ತಿಕೊಂಡು ಬರುತ್ತಿತ್ತು.
ಆಮೇಲೆ ಮೂಳೆಬೂದಿಯ ಬಟ್ಟಲಲ್ಲಿ
ಆ ಸೂಲಗಿತ್ತಿಯನ್ನೇ ಸುಡುವುದು.
ಹೆಚ್ಚಿನದನ್ನು ಬಟ್ಟಲು ಕುಡಿಯಿತು.
ಮಿಕ್ಕದ್ದು ಹೊಗೆ.
ಕೊನೆಗೆ ಕಣ್ಣು ಮಿಟುಕಿದ ಹಾಗೊಂದು ಮಿಂಚು:
ಸಾಸಿವೆಯ ಕಾಲುಭಾಗ, ಹಳದಿ.

ತೂಗಿದೆ, ಬರೆದೆ, ರುಜು ಹಾಕಿದೆ.
ಚಿನ್ನಕ್ಕೆ ಪುಸ್ತಕವಿತ್ತು,
ಹೊಗೆಗೆ ಚಿಮಣಿ.

ಕುಲುಮೆ ಕಾಯುತ್ತಿದ್ದವನು ಪಿಳ್ಳಪ್ಪ.
ಅವನ ವಸಡಿನಂಚಿಗೆ ಪೆನ್ನಲ್ಲಿ ಎಳೆದಂತೆ ಒಂದು ನೀಲಿ ಗೆರೆ.
"ಮಸಿಕುಡಿಕೆ ಕಚ್ಚಿದೆಯೇನೋ?" ಎಂದು ನಾವೆಲ್ಲ ನಗುತ್ತಿದ್ದೆವು.
ಅವನೂ ನಗುತ್ತಿದ್ದ. ನಕ್ಕಾಗಲೇ ಅದು ಚೆನ್ನಾಗಿ ಕಾಣುತ್ತಿತ್ತು.
ಒಂದು ಬೆಳಿಗ್ಗೆ ಸಾಹೇಬರಿಗೆ ಸಲಾಮು ಮಾಡಲು ಎತ್ತಿದ ಕೈ
ಮಣಿಕಟ್ಟಿನಲ್ಲಿ ಜೋತುಬಿತ್ತು,
ನೀರು ಕಾಣದ ಕುಂಬಳದೆಲೆ.
ಇದಕ್ಕೆ ನಾವು ನಗಲಿಲ್ಲ, ಅಷ್ಟೆ.
ಏನೂ ಬರೆಯಲೂ ಇಲ್ಲ.

ಅರುಳ್‌ಮೇರಿ ಪೇಪರ್ ಸುರುಳಿ ಸುತ್ತಿ ತೋರಿಸಿದಳು:
"ಇಂಥ ಕೊಳವೆಯನ್ನ ಕಡಲಿನ ತಳಕ್ಕೆ ಚುಚ್ಚಿ ಎತ್ತೋದು.
ಒಂದು ಗೇಣು ಮಣ್ಣಂದ್ರೆ ನೂರೈವತ್ತು ವರ್ಷ.
ಅಡಿಯಲ್ಲಿ ಬಂಡೆ ತಾನಾಗಿ ಕೊಟ್ಟಷ್ಟೇ.
ಮೇಲಕ್ಕೆ ಬರ್ತಾ ಬರ್ತಾ
ಸೀಸ, ಪಾದರಸ, ಕ್ಯಾಡ್ಮಿಯಂ."
ಅಲ್ಲಿ ಕುಲುಮೆಯಿಲ್ಲ, ಬಸ್‌ಸ್ಟ್ಯಾಂಡಿಲ್ಲ,
ಬೀಡಿ ಹಚ್ಚುವ ಒಬ್ಬ ನರಪಿಳ್ಳೆಯಿಲ್ಲ.
ಗಾಳಿ ಹೊತ್ತು ತಂದು ಹಿಮದ ಮೇಲಿಡುತ್ತದಂತೆ,
ಹಿಮ ಕರಗಿ ಕಡಲಿಗೆ ದಾಟಿಸುತ್ತದಂತೆ,
ಕಡಲಿಗೆ ಮಾತ್ರ ದಾಟಿಸಲು ಮುಂದೆ ಯಾರೂ ಇಲ್ಲ.

"ಸೀಸಕ್ಕೂ ಊರಿರತ್ತೆ ತಾತಾ.
ಯಾವ ಗಣಿಯಲ್ಲಿ ಹುಟ್ಟಿದ್ದು ಅಂತ
ಪರಮಾಣು ತೂಗಿದರೆ ಸುಮಾರಾಗಿ ಗೊತ್ತಾಗತ್ತೆ."

ನಮ್ಮ ಮುರ್ದಾಸಿಂಗಿ ಬರುತ್ತಿದ್ದುದು ತಗಡಿನ ಪೀಪಾಯಿಗಳಲ್ಲಿ,
ಯಾವುದೋ ದೇಶದ ಅಕ್ಷರ ಹೊತ್ತು.
ಕೋಲಾರದಲ್ಲಿ ಅದು ಬಾಡಿಗೆಗಿತ್ತು,
ಚಿಮಣಿಯಿಂದ ಖಾಲಿ ಮಾಡಿಕೊಂಡು ಹೋಯಿತು.
"ಹಾಗಾದರೆ ಈ ಸೀಸೆಯಲ್ಲಿರುವುದರ ಊರು?"

ಹುಡುಗಿ ಕಲ್ಕಲ್ಸ್ ಅಗಿಯುವುದನ್ನು ನಿಲ್ಲಿಸಿದಳು.
"ಹತ್ತಾರು ಊರು. ಕಲಸಿಹೋಗಿದೆ.
ನಿಮ್ಮದು ಅನ್ನೋಕಾಗಲ್ಲ."
ಮತ್ತೆ ಅಗಿದು, ನುಂಗಿ,
"ಅಲ್ಲ ಅನ್ನೋಕೂ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ.
ಮಾಡಿದ್ದು ನಾನು.
ಉಣ್ಣುತ್ತಿರುವುದು ಕತ್ತಲಲ್ಲಿ, ಕೊರೆವ ನೀರಿನ ತಳದಲ್ಲಿ
ಮಣ್ಣನ್ನೇ ಮೇಯುವ ಕಣ್ಣಿಲ್ಲದ ಒಂದು ಹುಳು.
ಅದಕ್ಕೆ ವಸಡಿದೆಯೋ ಇಲ್ಲವೋ,
ನಾನು ಕೇಳಲಿಲ್ಲ.

ಅವಳು ಹೋದ ಮೇಲೆ ಟ್ರಂಕಿನಿಂದ ಹಳೆಯ ಪುಸ್ತಕ ತೆಗೆದೆ.
ಕೊನೆಯ ಪುಟಗಳು ಇನ್ನೂ ಖಾಲಿ.
ಮಾದರಿ: ಸಮುದ್ರದ ಮಣ್ಣು, ಒಂದು ಚಿಟಿಕೆ.
ತಂದವರು: ಎ. ಅರುಳ್‌ಮೇರಿ.
ಚಿನ್ನ: ನೋಡಿಲ್ಲ.
ಸೀಸ ಎಂದು ಬರೆಯಲು ಹೋದರೆ
ಅದಕ್ಕೆ ಕಾಲಂ ಇಲ್ಲ.
ಸ್ಕೇಲು ಹುಡುಕುತ್ತಿದ್ದೆ, ಅಂಚಿನಲ್ಲೊಂದು ಗೆರೆ ಎಳೆಯೋಣವೆಂದು.
ಆಚೆ ಯಾರೋ ಕೂಗಿದರು:
"ಗಾಳಿ ತಿರುಗೈತೆ, ಬಟ್ಟೆ ಎತ್ಕೊಳ್ರೀ."